ಗೋಡೆಯ ಮೇಲೆ ತಾರೀಖು ಬರೆಯುವವನ ಪಾಡು

ಜ್ವರವಿಲ್ಲದ ಊರು ಎಲ್ಲಾದರೂ ಇರಬಹುದು. ಮಲೇರಿಯಾ ಕೆಲಸದವನನ್ನು ಪೇಚಿಗೆ ಸಿಕ್ಕಿಸದ ಊರನ್ನು ನಾನಂತೂ ನೋಡಿಲ್ಲ. ಎಪ್ಪತ್ತರ ದಶಕದ ಕೊನೆಗೆ ಗಂಗಾವತಿ ತಾಲೂಕಿನಲ್ಲಿ, ಸಿದ್ದಾಪುರದ ಕಡೆಯ ಹಳ್ಳಿಗಳಲ್ಲಿ ನಾನು ಸೈಕಲ್ ಮೇಲೆ ಮನೆ ಮನೆ ಸುತ್ತುತ್ತಿದ್ದೆ. ಕಾಲುವೆಗೆ ನೀರು ಬಂದು ಊರ ಸುತ್ತ ಭತ್ತ ನಿಂತಿತ್ತು, ಭತ್ತದ ಜೊತೆ ಸೊಳ್ಳೆಯೂ ನಿಂತಿತ್ತು. ಜ್ವರ ಬಂದವರ ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ ತೆಗೆಯುವುದು, ಗುಳಿಗೆ ಕೊಡುವುದು, ಬಂದು ಹೋದ ಗುರುತಿಗೆ ಬಾಗಿಲ ಪಕ್ಕದ ಗೋಡೆಯ ಮೇಲೆ ತಾರೀಖು ಬರೆಯುವುದು. ಇಷ್ಟೇ ಕೆಲಸ ಅಂದುಕೊಂಡೇ ಸೇರಿದ್ದೆ.

೧. ಬಾಜೂ ಮನೆಯ ಗೋಡೆ

ಒಂದು ಊರಿನಲ್ಲಿ ಒಬ್ಬ ಅಜ್ಜಿ. ನಾನು ಬಣ್ಣದ ಕುಂಚ ತೆಗೆದ ಕೂಡಲೇ ಗೋಡೆಗೆ ಅಡ್ಡ ನಿಂತಳು.

“ಗ್ವಾಡಿ ಮುಟ್ಟಬ್ಯಾಡ ತಮ್ಮಾ.”

“ಯಮ್ಮಾ, ಬರೇ ತಾರೀಖು ಬರೀತೀನಿ.”

“ಡ್ಯಾಮ್ ಕಟ್ಟೂ ಮುಂದ ನಮ್ಮ ಹಳೇ ಊರಿಗೂ ನಿನ್ನಂಥವ್ರ ಬಂದಿದ್ರು. ಬರೇ ನಂಬರ ಬರೀತೀವಿ ಅಂದ್ರು. ಬರದು ಹೋದ್ರು. ಆಮ್ಯಾಲೆ ಊರಿಗೂರ ನೀರಾಗ ಹೋತು.”

ಮನೆ ಮುಳುಗಿದ್ದನ್ನು ಕಣ್ಣಾರೆ ಕಂಡವಳ ಹತ್ತಿರ ಏನು ವಾದ ಮಾಡುವುದು? ಆದರೆ ಗೋಡೆಯ ಮೇಲೆ ತಾರೀಖು ಇಲ್ಲದಿದ್ದರೆ ನಮ್ಮ ಮಲೇರಿಯಾ ಇನ್ಸ್‌ಪೆಕ್ಟರ ಸಾಹೇಬರ ಪಾಲಿಗೆ ನಾನು ಆ ಮನೆಗೆ ಹೋಗಿಯೇ ಇಲ್ಲ. ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಕೈಮುಗಿದು ಹೇಳಿದೆ, “ಯಮ್ಮಾ, ಬರೀಲಿಲ್ಲಂದ್ರ ನನ್ನ ನೌಕರಿ ಹೋಗತೈತಿ.”

ಅಜ್ಜಿಗೆ ಕನಿಕರ ಬಂತು. “ಹೋಗಲಿ ಪಾಪ, ಬಾಜೂ ಮನಿ ಗ್ವಾಡಿ ಮ್ಯಾಲೆ ಬರಿ. ಆ ಮಂದಿ ಭಾಳ ಛಲೋ ಅದಾರ.”

೨. ಎತ್ತಿಗೆ ಜ್ವರವಿಲ್ಲ

ಡಿಡಿಟಿ ಹೊಡೆಯುವ ತಂಡದ ಜೊತೆ ಒಬ್ಬ ದೊಡ್ಡ ರೈತರ ಮನೆಗೆ ಹೋದೆ. ಮನೆ ತುಂಬ ಕೋಣೆಗಳು. “ದೇವ್ರ ಖೋಲಿ ಬ್ಯಾಡ್ರಿ, ಮೈಲಿಗಿ. ಅಡಗಿ ಮನಿ ಬ್ಯಾಡ್ರಿ, ವಾಸನಿ. ನಡುಮನ್ಯಾಗ ಭತ್ತದ ಚೀಲ ಅದಾವ. ಒಳಗಿನ ಖೋಲ್ಯಾಗ ಸೊಸಿ ಬಾಣಂತಿ ಅದಾಳ,” ಎಂದು ಒಂದೊಂದಾಗಿ ಬಾಗಿಲು ಮುಚ್ಚುತ್ತ ಬಂದರು. ಕೊನೆಗೆ ತೆರೆದು ಉಳಿದದ್ದು ದನದ ಕೊಟ್ಟಿಗೆ ಒಂದೇ. “ಇಲ್ಲಿ ಹೊಡೀರಿ, ಬೇಕಾದಷ್ಟು ಹೊಡೀರಿ.” ನಮ್ಮವರು ಮನಸಾರೆ ಹೊಡೆದರು.

ಮುಂದಿನ ತಿಂಗಳು ಹೋದಾಗ ಯಜಮಾನರು ಎರಡು ಕಂಬಳಿ ಹೊದ್ದುಕೊಂಡು ಗಡಗಡ ನಡುಗುತ್ತ ಕುಳಿತಿದ್ದರು. ನನ್ನನ್ನು ಕಂಡು ಹಲ್ಲು ಕಟಕಟ ಅನ್ನುತ್ತಿದ್ದರೂ ನಕ್ಕರು.

“ನಿಮ್ಮ ಔಷಧ ಭಾಳ ಛಲೋ ಐತ್ರಿ. ಒಂದ ಎತ್ತಿಗೂ ಜ್ವರ ಬಂದಿಲ್ಲ ನೋಡ್ರಿ.”

೩. ಸರಕಾರಿ ಮೀನು

ಸೊಳ್ಳೆಯ ಮರಿ ತಿನ್ನುವ ಪುಟ್ಟ ಮೀನುಗಳನ್ನು ಒಂದು ಬಾವಿಗೆ ಬಿಟ್ಟು ಬಂದೆವು. ಆಮೇಲೆ ಹೋಗಿ ಇಣುಕಿದರೆ ಒಂದೂ ಇಲ್ಲ. ಬಾವಿಯ ಮಾಲೀಕರನ್ನು ಕೇಳಿದೆ.

“ಭಾಳ ಸಣ್ಣವು ಆದ್ವು ಬಿಡ್ರಿ,” ಎಂದರು ಬೇಸರದಿಂದ. “ಮುಂದಿನ ಸಲ ಸಾರಿಗೆ ಆಗುವಂಥವು ತರ್ರಿ.”

೪. ತಾರೀಖಿಗೆ ಬಾಡಿಗೆ ಮನೆ

ಅಜ್ಜಿ ಗೋಡೆ ಕೊಡದಿದ್ದರೂ ಬೆರಳು ಕೊಡುತ್ತಿದ್ದಳು. ಜ್ವರದ ಗುಳಿಗೆಯನ್ನೂ ಎರಡು ಮಾತಿಲ್ಲದೆ ಇಸಿದುಕೊಂಡು ಬಾಯಿಗೆ ಹಾಕಿ, ನೀರು ಕುಡಿದು, ತಲೆಯಾಡಿಸಿ ಒಳಗೆ ಹೋಗುತ್ತಿದ್ದಳು. ಇಡೀ ಓಣಿಗೇ ಇಂಥ ಶಾಣ್ಯಾಕಿ ಇಲ್ಲ ಎಂದು ನಾನು ಎಲ್ಲರ ಮುಂದೆ ಹೊಗಳುತ್ತಿದ್ದೆ.

ಒಂದು ದಿನ ಇನ್ಸ್‌ಪೆಕ್ಟರ ಸಾಹೇಬರು ತಪಾಸಣೆಗೆ ಬಂದರು. ಅಜ್ಜಿಯ ಗೋಡೆ ಸ್ವಚ್ಛ. ಬಾಜೂ ಮನೆಯ ಗೋಡೆಯ ಮೇಲೆ ಎರಡು ಸಾಲು ತಾರೀಖು. ಆ ಮನೆಯವರನ್ನು ಕೇಳಿದರು. ಅವರು ಬಹಳ ಮರ್ಯಾದೆಯಿಂದ, “ಒಂದ ನಮ್ಮದ್ರಿ, ಇನ್ನೊಂದ ಆ ಯಮ್ಮಂದು. ನಾವ ಜಾಗಾ ಕೊಟ್ಟೀವ್ರಿ,” ಎಂದರು.

ಸಾಹೇಬರು ನನ್ನ ಕಡೆ ತಿರುಗಿದರು. “ತಾರೀಖಿಗೂ ಬಾಡಿಗಿ ಮನಿ ಹಿಡಿದೀಯೇನು? ದೀಪಾವಳಿಗೆ ಮತ್ತ ಬರ್ತೀನಿ. ಆಕಿ ತಾರೀಖು ಆಕಿ ಗ್ವಾಡಿ ಮ್ಯಾಲೆ ಇರಬೇಕು. ಇರಲಿಲ್ಲಂದ್ರ ನೀನೂ ಇರೂದಿಲ್ಲ.”

೫. ಮೊದಲು ನಿನ್ನ ಮನೆ

ಆ ಚಿಂತೆಯಲ್ಲಿದ್ದಾಗಲೇ ನನಗೇ ಜ್ವರ ಬಂತು. ಅಜ್ಜಿಯ ಓಣಿಯಲ್ಲೇ ಹಿಡಿದಿದ್ದ ಬಾಡಿಗೆ ಕೋಣೆಯಲ್ಲಿ ಮುದುಡಿ ಬಿದ್ದೆ. ನನ್ನ ಚೀಲದ ಗುಳಿಗೆ ಮುಗಿದಿದ್ದವು, ಗಂಗಾವತಿಯಿಂದ ಹೊಸವು ಬಂದಿರಲಿಲ್ಲ. ಮಲೇರಿಯಾದವನಿಗೇ ಮಲೇರಿಯಾ ಎಂದು ಓಣಿಯೆಲ್ಲ ನಗುತ್ತ ನೋಡಲು ಬಂತು, ಮುಂದೆ ಅಜ್ಜಿ.

ಅಜ್ಜಿ ಸೊಂಟದ ಎಲೆಯಡಿಕೆ ಸಂಚಿ ಬಿಚ್ಚಿ ನನ್ನ ಹಾಸಿಗೆಯ ಮೇಲೆ ಸುರುವಿದಳು. ಗುಳಿಗೆಗಳು, ನಾನೇ ಕೊಟ್ಟವು. ಒಂದನ್ನೂ ನುಂಗಿರಲಿಲ್ಲ.

“ಇವನ್ನ ಯಾಕ ಇಟ್ಟಿ ಯಮ್ಮಾ?”

“ಕಹಿ ಅದಾವ. ಆದ್ರ ಅನ್ನ ಕೊಟ್ಟಂಗ ಮನಿಗೆ ಬಂದು ಕೊಡ್ತಿದ್ದಿ. ಚೆಲ್ಲಾಕ ಮನಸ್ಸ ಬರಲಿಲ್ಲ. ನುಂಗು.”

ನುಂಗಿದೆ. “ಬಾಯಿ ತೆಗಿ,” ಎಂದಳು. ತೆಗೆದೆ. “ನಾಲಿಗಿ ಎತ್ತು.” ಎತ್ತಿದೆ. ತಾನು ಎಲ್ಲಿ ಬಚ್ಚಿಡುತ್ತಿದ್ದಳೋ ಅಲ್ಲೆಲ್ಲ ಹುಡುಕಿದಳು. ಆಮೇಲೆ ಹೊರಗೆ ಹೋಗಿ ನನ್ನ ಬಾಗಿಲ ಅಕ್ಕಪಕ್ಕ ನೋಡಿ ಬಂದಳು.

“ನಿನ್ನ ಗ್ವಾಡಿ ಮ್ಯಾಲೆ ಯಾಕ ತಾರೀಖಿಲ್ಲ?”

ನನ್ನ ಕೋಣೆಗೆ ನಾನೇ ಭೇಟಿ ಕೊಡಬೇಕೆಂದು ಹೊಳೆದೇ ಇರಲಿಲ್ಲ.

“ಬರದ್ರ ಮನಿ ಮುಳುಗತೈತಿ ಅಂತ ನಿನಗೂ ಗೊತ್ತೈತಿ,” ಎಂದು ಓಣಿಗೆಲ್ಲ ಕೇಳುವಂತೆ ಹೇಳಿದಳು. “ಏಳು, ಬರಿ. ಮೊದಲು ನಿಂದ ಮುಳುಗಲಿ, ನೋಡೂನು.”

ಕಂಬಳಿ ಹೊದ್ದುಕೊಂಡೇ ಎದ್ದು, ನನ್ನ ಗೋಡೆಯ ಮೇಲೆ ತಾರೀಖು ಬರೆದೆ. ಅಜ್ಜಿ ದಿನಾ ಬಂದು ಗುಳಿಗೆ ನುಂಗಿಸಿದಳು. ಆ ಜ್ವರದಲ್ಲಿ ಹೆತ್ತವ್ವನ ನೆನಪು ಬರದಂತೆ ನೋಡಿಕೊಂಡಳು. ಗುಣವಾದ ಮೇಲೂ ಆ ಮಳೆಗಾಲವೆಲ್ಲ ಬಂದು ಗೋಡೆಯ ಬುಡ ಮುಟ್ಟಿ ನೋಡಿ ಹೋಗುತ್ತಿದ್ದಳು. ನನ್ನ ಕೋಣೆ ಮುಳುಗಲಿಲ್ಲ.

ದೀಪಾವಳಿ ಹತ್ತಿರ ಬಂದಾಗ ಅವಳ ಮನೆಗೆ ಹೋದೆ. ಅಜ್ಜಿ ತಾನಾಗಿಯೇ ಪಕ್ಕಕ್ಕೆ ಸರಿದು ಗೋಡೆ ತೋರಿಸಿದಳು. “ಬರಿ.” ಬರೆದೆ. ನನಗೆ ನೌಕರಿ ಉಳಿಯಿತೆನ್ನುವುದಕ್ಕಿಂತ ಅವಳು ಸರಿದು ನಿಂತದ್ದೇ ಹೆಚ್ಚು ಖುಷಿ ಕೊಟ್ಟಿತು. ಕುಂಚ ಚೀಲಕ್ಕೆ ಹಾಕಿ ಹೊರಟವನನ್ನು ಮತ್ತೆ ಕರೆದಳು.

“ಎಲ್ಲಿಗೆ ಹೊಂಟಿ? ಬಾಜೂ ಮನ್ಯಾಗ ನಮ್ಮ ಹಳೇ ತಾರೀಖು ಅದಾವಲ್ಲ, ಅವನ್ನೂ ಕರಕೊಂಬಾ. ನಮಗ ಸ್ವಂತ ಗ್ವಾಡಿ ಇದ್ದು, ಅವು ಯಾಕ ಮಂದಿ ಮನ್ಯಾಗ ಇರಬೇಕು?”