ಒಂದೂ ತಪ್ಪಿಲ್ಲದ ಅರ್ಜಿ

ಅತ್ತಿಗುಪ್ಪೆಯ ಚನ್ನಕೇಶವ ಮೂವತ್ತಾರು ವರ್ಷ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡಿ ನಿವೃತ್ತರಾದವರು. ಬೋಂಡಾ ಕಟ್ಟಿಕೊಟ್ಟ ಕಾಗದವನ್ನೂ ಬೋಂಡಾ ಆರಿಹೋಗುವವರೆಗೆ ಓದಿ, ಎರಡು ತಪ್ಪು ಹಿಡಿದು, ಆಮೇಲೆ ತಿನ್ನುವ ಪೈಕಿ. ಇಂಥವರು ಬದುಕಿನಲ್ಲಿ ಓದದೆ ಬಿಟ್ಟ ಕಾಗದ ಒಂದೇ ಒಂದು. ಅದಕ್ಕೆ ಕಾರಣ ಒಂದು ಲಗ್ನಪತ್ರಿಕೆ.

ಹೋದ ವರ್ಷ ಪಕ್ಕದ ಮನೆಯ ಜಗದಾಂಬಾ ಮಗಳ ಮದುವೆಗೆ ಕರೆಯಲು ಬಂದಾಗ ಇವರು ಪತ್ರಿಕೆಯಲ್ಲಿ ಏಳು ತಪ್ಪುಗಳಿಗೆ ಕೆಂಪು ಪೆನ್ನಿನಲ್ಲಿ ಸುತ್ತುಹಾಕಿ ಅವರ ಕೈಗೇ ವಾಪಸು ಕೊಟ್ಟಿದ್ದರು. ಅಂದಿನಿಂದ ಎರಡು ಮನೆಗೂ ಮಾತಿಲ್ಲ ಕತೆಯಿಲ್ಲ. ಆ ಜಗದಾಂಬಾ ಬುಧವಾರ ಬೆಳಗ್ಗೆ ತಾವಾಗಿಯೇ ಬಂದು ಗೇಟಿನ ಹತ್ತಿರ ನಿಂತರು. ಕೈಯಲ್ಲೊಂದು ಅರ್ಜಿ ಇತ್ತು.

"ಲೈಬ್ರರಿ ವಿಷಯ ಸಾರ್. ನಲವತ್ತು ಜನ ಸೈನ್ ಹಾಕಿದಾರೆ. ನೀವೂ ಓದಿ ನೋಡಿ."

ಓದಿದರೆ ತಪ್ಪು ಕಾಣುತ್ತದೆ, ತಪ್ಪು ಕಂಡರೆ ಕೈ ಸುಮ್ಮನಿರುವುದಿಲ್ಲ. ತಮ್ಮ ಕೈಯ ಬುದ್ಧಿ ಚನ್ನಕೇಶವ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರು ಮುಖವನ್ನು ಪೂರ್ತಿ ಆಚೆ ತಿರುಗಿಸಿ, "ಅಯ್ಯೋ, ನೀವು ತಂದಿದೀರ ಅಂದ್ಮೇಲೆ ಓದೋದೇನಿದೆ ಮೇಡಂ, ಕೊಡಿ" ಎಂದು ಸಹಿ ಹಾಕಿದರು. ಜಗದಾಂಬಾ ಅವರ ಮುಖ ಅರಳಿತು. ಒಂದು ವರ್ಷದ ಮುನಿಸು ಅರ್ಧ ನಿಮಿಷದಲ್ಲಿ ಕರಗಿದ ಖುಷಿಗೆ ಚನ್ನಕೇಶವ ಅಂದು ಎರಡು ಇಡ್ಲಿ ಹೆಚ್ಚಾಗಿ ತಿಂದರು.

ಹನ್ನೊಂದಕ್ಕೆ ಎಂದಿನಂತೆ ಲೈಬ್ರರಿಗೆ ಹೋದರು. ಪಾರ್ಕಿನ ಪಕ್ಕದ ಒಂದೇ ಕೋಣೆ ಅದು. ಪೇಪರಿನ ಒಂದೊಂದು ಹಾಳೆಯನ್ನು ಒಬ್ಬೊಬ್ಬ ಪಿಂಚಣಿದಾರರು ಹಿಡಿದು ಕೂತಿರುತ್ತಾರೆ. ನಾಗರಬಾವಿಯಿಂದ ಬರುವ ಪರೀಕ್ಷೆಯ ಹುಡುಗರು ತಮ್ಮ ಪುಸ್ತಕ ತಾವೇ ತಂದು, ಲೈಬ್ರರಿಯ ಕರೆಂಟಿಗೆ ಮೊಬೈಲು ಹಾಕಿ ಓದುತ್ತಾರೆ. ಬೀರುವಿನೊಳಗಿನ ಪುಸ್ತಕಗಳನ್ನು ಯಾರೂ ಹೆಚ್ಚು ತೊಂದರೆಪಡಿಸುವುದಿಲ್ಲ. ಆದರೂ ಯಾವನಾದರೂ ಹುಡುಗ "ಸಾರ್, ಈ ಪದಕ್ಕೇನರ್ಥ?" ಎಂದು ಚನ್ನಕೇಶವ ಅವರನ್ನು ಕೇಳುವ ಜಾಗ ಈ ಭೂಮಿಯ ಮೇಲೆ ಅದೊಂದೇ ಉಳಿದಿತ್ತು. ಆ ಒಂದು ಪ್ರಶ್ನೆಗಾಗಿ ಅವರು ದಿನಾ ಗಡ್ಡ ಬೋಳಿಸಿಕೊಂಡು ಬರುತ್ತಿದ್ದರು.

ಅಲ್ಲಿ ನಾಗಭೂಷಣ್ ಕಾದಿದ್ದರು. ಯಾವುದೇ ವಿಷಯವನ್ನು ಅರ್ಧ ತಿಳಿದು ಪೂರ್ತಿ ಹೇಳುವ ಮನುಷ್ಯ.

"ಕೂತ್ಕೊಳಿ ಸಾರ್, ಈ ಕುರ್ಚಿ ಇನ್ನು ಹದಿನೈದೇ ದಿನ. ಲೈಬ್ರರಿ ಮುಚ್ತಾರೆ. ಜಗದಾಂಬಾ ಅರ್ಜೀಲಿರೋದೇ ಅದು, ಆಗ್ಲೇ ಆಫೀಸಿಗೆ ಕೊಡೋಕೆ ಹೋಗಿದಾರೆ."

"ನೀವು ಓದಿದ್ರಾ?"

"ಓದ್ದೆ ಇರ್ತೀನಾ? ಮೊದಲನೇ ಸಾಲೇ 'ಬರುವ ತಿಂಗಳಿನಿಂದ ನಮ್ಮ ಶಾಖಾ ಗ್ರಂಥಾಲಯವನ್ನು ಮುಚ್ಚುವ' ಅಂತ ಶುರುವಾಗತ್ತೆ. ಅಷ್ಟು ಸಾಲ್ದಾ? ಸೈನ್ ಹಾಕ್ದೆ."

"ಗೊತ್ತಿದ್ದೂ ಹಾಕಿದ್ರಾ!"

"ಎದುರಿಗೇ ನಿಂತಿದ್ರು ಸಾರ್. ದಾಕ್ಷಿಣ್ಯ."

ಚನ್ನಕೇಶವ ಅವರಿಗೆ ಆ ಎರಡು ಹೆಚ್ಚಿನ ಇಡ್ಲಿ ತಿಂದದ್ದಕ್ಕೂ ಪಶ್ಚಾತ್ತಾಪವಾಯಿತು. ಜಗದಾಂಬಾಗೆ ಮೂರು ಸಲ ಫೋನ್ ಮಾಡಿದರು, ಎತ್ತಲಿಲ್ಲ. ಲಗ್ನಪತ್ರಿಕೆಯ ಸೇಡು ಹೀಗೆ ತೀರಿಸಿಕೊಂಡಳೇ ಎಂದು ಸಂಕಟ, ಸಿಟ್ಟು ಎರಡೂ ಒಟ್ಟಿಗೆ ಬಂದವು. ಲೈಬ್ರೇರಿಯನ್ನರನ್ನು ಕೇಳೋಣವೆಂದರೆ ಮೂರು ಶಾಖೆಗೆ ಇರುವುದು ಒಬ್ಬರೇ, ಅಂದು ಇನ್ನೊಂದು ಶಾಖೆಯ ಸರದಿ.

ಅಲ್ಲೇ ಕೂತು ಮತ್ತೊಂದು ಅರ್ಜಿ ಬರೆದರು. ಒಂದು ಕಡೆ ಮಾತ್ರ ಪೆನ್ನು ತಡೆಯಿತು. ಮನೆಯಲ್ಲಿ ದೀಪ ಆರಿಸು ಎನ್ನದೆ ದೊಡ್ಡದು ಮಾಡು ಎನ್ನುವ ಸಂಸಾರದವರು. ತಮ್ಮ ಲೈಬ್ರರಿಯ ಹೆಸರಿನ ಪಕ್ಕದಲ್ಲಿ 'ಮುಚ್ಚು' ಎಂಬ ಅಶುಭದ ಮಾತನ್ನು ತಮ್ಮ ಕೈಯಾರೆ ಬರೆಯುವುದೇ? ಬರೆಯಲಿಲ್ಲ. 'ಇಂದು ಬೆಳಿಗ್ಗೆ ಶ್ರೀಮತಿ ಜಗದಾಂಬಾ ಅವರು ಸಲ್ಲಿಸಿರುವ ಮನವಿಯನ್ನು ನಾವು ಹಿಂತೆಗೆದುಕೊಂಡಿದ್ದೇವೆ. ಅದರಲ್ಲಿ ಕೋರಿರುವುದನ್ನು ಯಾವ ಕಾರಣಕ್ಕೂ ನಡೆಸಿಕೊಡಬಾರದು' ಎಂದು ಬರೆದರು. ಮೂರು ಸಲ ಓದಿದರು. ಒಂದೂ ತಪ್ಪಿರಲಿಲ್ಲ.

ಬಿಸಿಲಿನಲ್ಲಿ ಮನೆ ಮನೆ ಸುತ್ತಿದರು. ಸಹಿ ಸಿಗುವುದು ಕಷ್ಟವಾಗಲೇ ಇಲ್ಲ. ಇಸ್ತ್ರಿ ಅಂಗಡಿಯವನು ಪೆಟ್ಟಿಗೆ ಕೆಳಗಿಡದೆ ಎಡಗೈಯಲ್ಲಿ ಹಾಕಿದ. ಮೂರನೇ ಕ್ರಾಸಿನ ಮೇಷ್ಟ್ರು ಮೂಗಿನ ಮೇಲೆ ಕನ್ನಡಕವಿಲ್ಲದೆ ಹಾಕಿದರು. "ನೀವು ತಂದಿದೀರ ಅಂದ್ಮೇಲೆ ಓದೋದೇನಿದೆ ಸಾರ್!" ಎಂದು ಎಲ್ಲರೂ ಅಂದರು. ತಮ್ಮ ಮೇಲೆ ಜನ ಇಟ್ಟಿರುವ ವಿಶ್ವಾಸ ಕಂಡು ಚನ್ನಕೇಶವ ಮುಂದಿನ ಮನೆಗೆ ಇನ್ನೂ ಬಿರುಸಾಗಿ ನಡೆದರು.

ಅಡ್ಡ ಬಂದವರು ಒಬ್ಬರೇ. ಲೈಬ್ರರಿಯ ಎದುರು ಜೋಳದ ರೊಟ್ಟಿಯ ಖಾನಾವಳಿ ನಡೆಸುವ ಗುರುದೇವಿ, ಊಟದ ಗಿರಾಕಿಗಳನ್ನು ಕಾಯಿಸಿ, ಹಿಟ್ಟಿನ ಕೈ ಒರೆಸಿಕೊಂಡು ಅರ್ಜಿಯನ್ನು ಕೊನೆಯವರೆಗೂ ಓದಿದರು.

"ಆ ಅಕ್ಕಾರು ನಮ್ಮ ಅಂಗಡಿತನಾ ಬಂದಿಲ್ರಿ. ಅವರ ಅರ್ಜಿಯೊಳಗ ಏನ್ ಕೇಳ್ಯಾರ್ರೀ? ನೀವು ಓದೀರೇನು?"

"ಕೇಳಿದೀನಮ್ಮ, ಎಲ್ಲಾ ಗೊತ್ತು."

"ಕೇಳಿದ್ದಲ್ರಿ, ಓದೀರೇನು?"

"ಈಗ ಅದಕ್ಕೆಲ್ಲ ಟೈಮಿಲ್ಲಮ್ಮ!"

"ಹಂಗಾದ್ರ ನಾ ಒಲ್ಲೆರಿ."

ನಾಲ್ಕಕ್ಷರ ಕಲಿತವರದ್ದೆಲ್ಲ ಇದೇ ತರಲೆ ಎಂದು ಗೊಣಗುತ್ತ ಚನ್ನಕೇಶವ ಆಟೋ ಹತ್ತಿದರು.

ರಾಜಾಜಿನಗರದ ಗ್ರಂಥಾಲಯ ಇಲಾಖೆಯ ಕಚೇರಿ ಮುಟ್ಟಿದಾಗ ನಾಲ್ಕು ಗಂಟೆ. ಸೂಪರಿಂಟೆಂಡೆಂಟ್ ಕೃಷ್ಣಯ್ಯ ಅರ್ಜಿ ತೆಗೆದುಕೊಂಡು ಸೀಲು ಒತ್ತಿ, ನಂಬರು ಬರೆದು, ಆಮೇಲೆ ಓದಿದರು. ಓದುತ್ತ ಓದುತ್ತ ಕಣ್ಣು ಹೊಳೆಯಿತು.

"ಇಷ್ಟು ಸ್ಪಷ್ಟವಾದ ಅರ್ಜಿ ನನ್ನ ಸರ್ವಿಸಲ್ಲೇ ನೋಡಿಲ್ಲ ಸಾರ್. ನಮ್ಮ ತಲೆನೋವು ಕಳೆದ್ರಿ. ಬೆಳಗ್ಗೆ ಆ ಯಮ್ಮ ಬಂದು ಎರಡು ಗಂಟೆ ಕೂತು ಸಾಹೇಬ್ರ ಜೊತೆ ವಾದ ಮಾಡಿ, ಆರ್ಡರೇ ನಿಲ್ಲಿಸ್ಬಿಟ್ಟಿದ್ರು. ಇನ್ನು ನಿಶ್ಚಿಂತೆಯಿಂದ ಮುಚ್ಬಹುದು."

"ಏನು ಮುಚ್ಬಹುದು?"

"ಲೈಬ್ರರಿ ಸಾರ್. ಮುಚ್ಬೇಡಿ ಅಂತ ತಾನೇ ಅವ್ರು ಕೇಳಿದ್ದು?"

ಕೃಷ್ಣಯ್ಯ ಬೆಳಗಿನ ಅರ್ಜಿಯನ್ನು ಮುಂದಿಟ್ಟರು. ಚನ್ನಕೇಶವ ಓದಿದರು. 'ಬರುವ ತಿಂಗಳಿನಿಂದ ನಮ್ಮ ಶಾಖಾ ಗ್ರಂಥಾಲಯವನ್ನು ಮುಚ್ಚುವ ಪ್ರಸ್ತಾವ ತಿಳಿದು ನಮಗೆಲ್ಲ ಬಹಳ ನೋವಾಗಿದೆ' ಎಂದು ಮೊದಲ ಸಾಲು. ಮುಂದೆ ಪಿಂಚಣಿದಾರರ ಬಗ್ಗೆ, ಪರೀಕ್ಷೆಯ ಹುಡುಗರ ಬಗ್ಗೆ. 'ಪದಗಳ ಅರ್ಥ ಹೇಳಿಕೊಡುವ ಹಿರಿಯರೊಬ್ಬರು ಅಲ್ಲಿ ದಿನವೂ ಸಿಗುತ್ತಾರೆ' ಎಂದೂ ಒಂದು ಸಾಲಿತ್ತು. ಒಟ್ಟು ಹನ್ನೆರಡು ತಪ್ಪಿದ್ದವು. ಅವರ ಕೈ ಪೆನ್ನಿನ ಕಡೆ ಹೋಗಲಿಲ್ಲ.

"ನನ್ನದು ವಾಪಸ್ ಕೊಡಿ ಸಾರ್. ತಪ್ಪಾಗೋಯ್ತು."

"ನಂಬರ್ ಬಿದ್ಮೇಲೆ ಹೆಂಗ್ ಕೊಡೋದು? ಮೂರನೇದು ಬರೆದ್ರೂ ನಂಬೋರ್ಯಾರು ಸಾರ್? ಅದೇ ಜನ ಬೆಳಗ್ಗೆ ಬೇಕು ಅಂದ್ರು, ಮಧ್ಯಾಹ್ನ ಬೇಡ ಅಂದ್ರು." ಕೃಷ್ಣಯ್ಯ ಫೈಲು ಕಟ್ಟಿ ಒಳಗೆ ಕಳಿಸಿದರು.

ಕಚೇರಿಯ ಮೆಟ್ಟಿಲ ಮೇಲೆ ಚನ್ನಕೇಶವ ಕೂತುಬಿಟ್ಟರು. ಊರಿನವರ ತಪ್ಪನ್ನೆಲ್ಲ ಹಿಡಿದು ಬದುಕಿದ ತಾನು ಇಂಥ ಕೆಲಸ ಮಾಡಿದೆನಲ್ಲ ಎಂದು ನಾಚಿಕೆಯಾಯಿತು, ಅಳು ಬಂತು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಜಗದಾಂಬಾ.

"ಸಾರ್, ಫೋನ್ ಮಾಡಿದ್ರಾ? ಆಫೀಸಲ್ಲಿದ್ದೆ, ಸೈಲೆಂಟ್ ಮಾಡಿದ್ದೆ, ಈಗ ನೋಡ್ದೆ. ಮುಚ್ಚಲ್ಲ ಅಂತ ಒಪ್ಕೊಂಡ್ರು ಸಾರ್! ಯಾರನ್ನೂ ನಂಬದೇ ಇರೋ ನೀವೇ ಒಂದಕ್ಷರ ಓದದೆ ನನ್ನ ನಂಬಿ ಸೈನ್ ಹಾಕಿದ್ರಲ್ಲ, ಆಗ್ಲೇ ನಂಗೆ ಧೈರ್ಯ ಬಂತು. ಸಂಜೆ ಲೈಬ್ರರೀಲಿ ಎಲ್ರಿಗೂ ಮೈಸೂರ್ ಪಾಕ್ ಹಂಚ್ತಾ ಇದೀನಿ. ಮೊದಲನೇದು ನಿಮಗೇ. ಬರ್ತೀರಲ್ಲ?"

"ಬರ್ತೀನಿ ಮೇಡಂ," ಎಂದರು ಚನ್ನಕೇಶವ.