ಬಲಗಿಸೆಯ ಕಡಲೆ

ಶನಿವಾರ, ಬೆಳಿಗ್ಗೆ ಏಳು ಗಂಟೆ ಐವತ್ತು ನಿಮಿಷ. ಬನಹಟ್ಟಿಯ ಒಂದು ಸರಕಾರಿ ಶಾಲೆ, ಏಳನೆಯ ತರಗತಿ. ಹಾಜರಿದ್ದವರು: ನಾನು, ಇಪ್ಪತ್ತೇಳು ಮಕ್ಕಳು, ಮತ್ತು ಕಿಸೆಯಲ್ಲಿ ಕಡಲೆ ತುಂಬಿಕೊಂಡು ಬಂದ ನನ್ನ ಹೆಂಡತಿಯ ತಮ್ಮ. ಎಂದಿನಂತೆ ತಡವಾಗಿ ಬರಬೇಕಿದ್ದವರು ಇನ್ನೂ ಆರು ಮಂದಿ.

ಈ ಹೆಂಡತಿಯ ತಮ್ಮ ಇದ್ದಾನಲ್ಲ, ಸೂರ್ಯ ಹುಟ್ಟಿದ ಎಂದರೂ ‘ಆಧಾರ ಏನೈತ್ರಿ ಮಾಮಾ?’ ಎಂದು ಕೇಳುವ ಆಸಾಮಿ! ಈ ಶಾಲೆಯ ಮುಖ್ಯೋಪಾಧ್ಯಾಯ ಇವನೇ. ನಾನು ಅವನ ಅಕ್ಕನನ್ನು ಮದುವೆಯಾಗುವ ಮುಂಚೆ ಐದನೆಯ ತರಗತಿಯಲ್ಲಿ ಒಂದು ವರ್ಷ ನನ್ನ ಕೈಯಲ್ಲೇ ಕಲಿತವನು. ಏನು ಕಲಿತನೋ, ನನಗೆ ನೆನಪಿಲ್ಲ. ಈಗ ನಾನು ನಿವೃತ್ತ. ಅವನ ಶಾಲೆಯಲ್ಲಿ ಗಣಿತಕ್ಕೆ ಜನ ಇಲ್ಲವೆಂದು ಜಮಖಂಡಿಯಿಂದ ದಿನಾ ಬಸ್ಸು ಹತ್ತಿ ಬಂದು ಪುಕ್ಕಟೆ ಪಾಠ ಹೇಳುತ್ತೇನೆ. ಅದಕ್ಕೆ ನನಗೆ ಸಿಕ್ಕ ಬಹುಮಾನ ಏನು ಎಂಬುದನ್ನೇ ಈಗ ಹೇಳಹೊರಟಿದ್ದೇನೆ.

ಒಮ್ಮೆ ನನ್ನ ಹೆಂಡತಿ, ಕೈಯಿಂದ ಬಡಿದ ರೊಟ್ಟಿಯ ರುಚಿ ಯಂತ್ರದ ರೊಟ್ಟಿಗೆ ಬರುವುದಿಲ್ಲ ಎಂದಳು. ಯಾವ ಹೆಣ್ಣುಮಗಳು ಹಾಗೆನ್ನುವುದಿಲ್ಲ? ಇವನು ಸುಮ್ಮನಿರಬೇಕೋ ಬೇಡವೋ? ಮರುದಿನವೇ ಎರಡೂ ಬಗೆಯ ರೊಟ್ಟಿಗಳನ್ನು ಬಟ್ಟೆ ಮುಚ್ಚಿ ಇಟ್ಟು, ಯಾವುದು ಯಾವುದೆಂದು ಹೇಳದೆ, ಮನೆಗೆ ಬಂದವರಿಗೆಲ್ಲ ತಿನ್ನಿಸಿ ಮತ ಕೇಳಿದ. ಒಂದೇ ಒಂದು ಮತದಿಂದ ಯಂತ್ರ ಗೆದ್ದಿತು!

‘ಅಕ್ಕಾ, ಸಿಟ್ಟಾಗಬ್ಯಾಡ. ಇದು ಬರೇ ಆಧಾರ.’

‘ನಿನ್ನ ಆಧಾರಾನ ಬಡಿದು ತಿನ್ನು ಹೋಗಲೇ!’

ಎರಡು ದಿನ ನಾವು ಅವಲಕ್ಕಿ ತಿಂದು ಸಂಶೋಧನೆಯ ಫಲ ಅನುಭವಿಸಿದೆವು. ಗೆಲ್ಲಿಸಿದ ಆ ಒಂದು ಮತ ಯಾರದೆಂದು ನಾನು ಇವತ್ತಿಗೂ ಬಾಯಿಬಿಟ್ಟಿಲ್ಲ.

ಮುಧೋಳದ ಬೀಗರ ಮನೆಯಲ್ಲಿ ಇನ್ನೊಂದು. ಬೀಗರು ತಮ್ಮ ನಾಯಿಯ ಬೆನ್ನು ಸವರುತ್ತ, ಓಟದಲ್ಲಿ ಇದಕ್ಕೆ ಸಮನಿಲ್ಲ ಎಂದರು. ‘ಯಾವುದರ ಜೋಡಿ ಓಡಿಸಿ ನೋಡೀರಿ?’ ಎಂದು ಇವನು ಕೇಳಿದ. ಬೀಗರು ಉತ್ತರಿಸುವ ಮೊದಲೇ ನಾಯಿ ಎದ್ದು ನಿಂತಿತು. ಆಮೇಲೆ ಮುಂದೆ ಇವನು, ಹಿಂದೆ ಆಧಾರ! ಬಾವಿಕಟ್ಟೆ ಹತ್ತಿ ನಿಂತು ಏದುಸಿರು ಬಿಡುತ್ತ ಏನೆಂದ ಗೊತ್ತೆ? ‘ಒಂದ ಸಲ ಓಡಿದ್ದು ಸಾಲೂದಿಲ್ರಿ!’

ಇಂಥವನು ಈ ಸೋಮವಾರದಿಂದ ನನ್ನ ತರಗತಿಯ ಹಿಂದೆ ಕುರ್ಚಿ ಹಾಕಿಕೊಂಡು ಕುಳಿತ. ತೊಡೆಯ ಮೇಲೊಂದು ಕಡಲೆ ಚೀಲ. ನಾನು ಮುಂದಿನ ಸಾಲಿನವರಿಗೆ ಪ್ರಶ್ನೆ ಕೇಳಿದರೆ ಒಂದು ಕಾಳು ಎಡಗಿಸೆಗೆ, ಕೊನೆಯ ಸಾಲಿಗೆ ಕೇಳಿದರೆ ಬಲಗಿಸೆಗೆ. ಹಸಿದಾಗ ತಿನ್ನಲು ತಂದಿದ್ದಾನೆ ಎಂದೇ ನಾನು ತಿಳಿದಿದ್ದೆ. ನಿನ್ನೆ ಶಾಲೆ ಬಿಟ್ಟ ಮೇಲೆ ಮೇಜಿನ ಮೇಲೆ ಸುರಿದ. ಐದೂ ದಿನದ ಕಾಳು. ಎಡಗಿಸೆಯಿಂದ ಒಂದು ಸಣ್ಣ ಗುಡ್ಡವೇ ಬಿತ್ತು. ಬಲಗಿಸೆಯಿಂದ ಮೂರು ಕಾಳು.

‘ಮೂರಾದ್ರೂ ಅದಾವಲ್ಲೋ!’ ಎಂದೆ.

‘ಅದರಾಗ ಒಂದು, “ಯಾಕಲೇ ಆಕಳಸಾಕತ್ತಿ?” ಅಂತ ಕೇಳಿದ್ದ್ರಿ. ಇನ್ನೊಂದು, “ನಾಳೇನೂ ತಡಾ ಮಾಡ್ತೀ ಏನ?” ಅಂತ.’

‘ಮೂರನೇದ್ದು?’

‘“ಕಿಡಕಿ ಯಾರ ತಗದ್ರಿ?” ಅಂದ್ರಲ್ಲರೀ ಮಾಮಾ.’

ಸಿಟ್ಟು ಬಂತು. ನನ್ನ ತರಗತಿಯಲ್ಲಿ ಜಾತಿಯಿಲ್ಲ, ವಶೀಲಿಯಿಲ್ಲ. ಮೊದಲು ಬಂದವರಿಗೆ ಮೊದಲ ಸಾಲು, ತಡವಾಗಿ ಬಂದವರಿಗೆ ಕೊನೆಯದು. ನೌಕರಿಯ ಮೊದಲ ದಿನದಿಂದ ಇದೇ ನಿಯಮ. ಇದಕ್ಕಿಂತ ದೊಡ್ಡ ನ್ಯಾಯ ಎಲ್ಲಿದೆ?

‘ಲಗೂನ ಬಂದ್ರ ಮುಂದ ಕುಂಡರತಾರ. ಬ್ಯಾಡ ಅಂದವರ ಯಾರು?’

‘ಅದನ್ನೂ ನೋಡಿ ಬಂದೇನ್ರಿ.’ ಆ ಆರೂ ಮಕ್ಕಳ ಮನೆಗೆ ಬೆಳಿಗ್ಗೆ ಹೋಗಿ ಬಂದಿದ್ದನಂತೆ. ಆರೂ ಮನೆಗಳಲ್ಲಿ ಮಗ್ಗ. ಮಗ್ಗ ಶುರುವಾಗುವ ಮೊದಲು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿ ಇಡಬೇಕು. ಸುತ್ತುವವರು ಈ ಮಕ್ಕಳು. ‘ಅವು ನಿಮಗಿಂತ ಮೊದಲ ಎದ್ದಿರತಾವ್ರಿ ಮಾಮಾ.’

ನಾನು ನಾಲ್ಕೂವರೆಗೆ ಏಳುತ್ತೇನೆ. ಆದರೂ ವಾದಿಸಲಿಲ್ಲ. ಈ ವಯಸ್ಸಿನಲ್ಲಿ ದಣಿವು ಬೇಗ ಬರುತ್ತದೆ.

ಆ ಆರು ಮಂದಿಯಲ್ಲಿ ಒಬ್ಬ ಹುಡುಗಿ. ಶಾಲೆಯಿಂದ ಅವಳ ಹೆಸರು ತೆಗೆಸಲು ತಂದೆ ಇವತ್ತು ಹನ್ನೊಂದಕ್ಕೆ ಬರುವವನಿದ್ದ. ಮನೆಯಲ್ಲಿದ್ದರೆ ದಿನವಿಡೀ ಕಂಡಿಕೆ ಸುತ್ತುತ್ತಾಳೆ. ಅವನ ಬಳಿಯೂ ಆಧಾರ ಇತ್ತು: ಅವಳ ಪ್ರಗತಿ ಪತ್ರ. ಅದರಲ್ಲಿ ನನ್ನ ದುಂಡನೆಯ ಅಕ್ಷರದಲ್ಲಿ, ‘ಲಕ್ಷ್ಯ ಕಡಿಮೆ. ಗಣಿತ ತಲೆಗೆ ಹತ್ತುವುದಿಲ್ಲ.’

ಅದಕ್ಕೇ ಇವತ್ತು ಪಾಠದ ಮುಂಚೆ ಅವನು ಎರಡು ಬೇಡಿಕೆ ಇಟ್ಟ. ಸಾಲುಗಳು ದಿನಾ ತಿರುಗಬೇಕು. ಇವತ್ತು ಮೊದಲ ಸಾಲು ತಡವಾಗಿ ಬರುವವರಿಗೆ. ಮತ್ತೆ, ಪ್ರಶ್ನೆ ಕೇಳಿದ ಮೇಲೆ ನಾನು ಮನಸ್ಸಿನಲ್ಲೇ ಹತ್ತು ಎಣಿಸಬೇಕು. ಮೇಷ್ಟ್ರುಗಳು ಕೇಳಿದ ಮೇಲೆ ಒಂದು ಉಸಿರೂ ಕಾಯುವುದಿಲ್ಲ, ಕಾದರೆ ಹೆಚ್ಚು ಮಕ್ಕಳು ಬಾಯಿ ಬಿಡುತ್ತಾರೆ ಎಂದು ಎಲ್ಲೆಲ್ಲೋ ಗಡಿಯಾರ ಹಿಡಿದು ನೋಡಿದ್ದಾರಂತೆ.

‘ಹತ್ತು ಎಣಿಸೂದ್ರಾಗ ನಾ ಎರಡ ಲೆಕ್ಕಾ ಮುಗಸ್ತೇನಿ!’

‘ಹೌದ್ರಿ, ನೀವು ಮುಗಸ್ತೀರಿ. ನಾ ಹುಡುಗರದು ಕೇಳಾಕತ್ತೇನಿ. ಅಲ್ಲಿ ಆದದ್ದು ಬನಹಟ್ಟಿಯೊಳಗ ಆಗತೈತೋ ಇಲ್ಲೋ, ನೋಡೂಣಂತ.’

ಎಂಟು ಗಂಟೆ ಹತ್ತು ನಿಮಿಷಕ್ಕೆ ಆರೂ ಮಂದಿ ಬಂದರು. ಖಾಲಿ ಬಿಟ್ಟಿದ್ದ ಮೊದಲ ಸಾಲನ್ನು ನೋಡಿ, ಇದು ಹೊಸ ಶಿಕ್ಷೆ ಇರಬೇಕೆಂದು ಹೆದರಿಕೊಂಡೇ ಕುಳಿತರು. ನಾನು ಆ ಹುಡುಗಿಗೆ ಕೇಳಿದೆ: ಮೂರು ಮಂದಿ ಎಂಟು ದಿನದಲ್ಲಿ ಮುಗಿಸುವ ಕೆಲಸವನ್ನು ನಾಲ್ಕು ಮಂದಿ ಎಷ್ಟು ದಿನದಲ್ಲಿ ಮುಗಿಸುತ್ತಾರೆ?

ಒಂದು, ಎರಡು, ಮೂರು... ಹಿಂದಿನಿಂದ ಕೈಗಳು ಎದ್ದವು, ‘ಸರ್, ನಾ ಹೇಳ್ತೇನ್ರಿ!’ ಏಳಕ್ಕೆ ಬಂದಾಗ ನನ್ನ ನಾಲಿಗೆ ತುರಿಸುತ್ತಿತ್ತು. ಹತ್ತಾಯಿತು. ಅವಳು ಬೆರಳು ನೋಡಿಕೊಳ್ಳುತ್ತ ನಿಂತಿದ್ದಳು. ಸಾಕು ಎನ್ನಬೇಕೆಂದಿದ್ದೆ; ಯಾಕೋ ಎಣಿಸುತ್ತ ಹೋದೆ. ಹದಿನಾಲ್ಕು.

‘ಆರ್ರಿ.’

‘ಹೆಂಗ?’

‘ಎಲ್ಲಾ ಕೂಡಿ ಇಪ್ಪತ್ನಾಕ ದಿನದ ಕೆಲಸ ಆತ್ರಿ. ನಾಕ ಮಂದಿಗೆ ಹಂಚಿದ್ರ ಆರು.’ ಕೂರಲು ಹೋದವಳು ಮತ್ತೆ ಎದ್ದು ನಿಂತಳು. ‘ಖರೆ, ನಾಕೂ ಮಂದಿ ದಿನಾ ಬರಬೇಕ್ರಿ ಸರ್.’

ಇಷ್ಟು ವರ್ಷ ಈ ಲೆಕ್ಕ ಹೇಳಿಕೊಟ್ಟಿದ್ದೇನೆ. ಕೆಲಸಕ್ಕೆ ಎಲ್ಲರೂ ದಿನಾ ಬರುತ್ತಾರೆ ಎಂದು ಯಾರು ಹೇಳಿದರೆಂದು ಒಬ್ಬರೂ ನನ್ನನ್ನು ಕೇಳಿರಲಿಲ್ಲ!

ಹನ್ನೊಂದಕ್ಕೆ ತಂದೆ ಬಂದ. ‘ಹೆಸರ ತಗದಬಿಡ್ರಿ. ತಲಿಗೆ ಹತ್ತೂದಿಲ್ಲ ಅಂತ ನೀವ ಬರದೀರಲ್ಲ.’

‘ತಪ್ಪ ಬರದೇನಿ,’ ಎಂದೆ.

‘ಸರ್ ಮಂದಿ ತಪ್ಪ ಬರೀತಾರೇನ್ರಿ?’

ನನ್ನ ಹೆಂಡತಿಯ ತಮ್ಮ ಆಧಾರ ಒದಗಿಸಲು ಬಾಯಿ ತೆರೆದ. ನಾನು ಕಣ್ಣು ಬಿಟ್ಟೆ, ಬಾಯಿ ಮುಚ್ಚಿಕೊಂಡ. ಹಳೆಯ ಸಾಲು ಹೊಡೆದುಹಾಕಿ ಕೆಳಗೆ ಬರೆದೆ: ‘ಕೇಳಿದರೆ ಹೇಳುತ್ತಾಳೆ. ಕಾಯಬೇಕು.’ ರುಜು ಹಾಕಿದೆ. ತಂದೆ ಆ ಪತ್ರವನ್ನು ಬಹಳ ಹೊತ್ತು ನೋಡಿದ. ‘ಈ ವರ್ಷ ಇರಲಿ ಬಿಡ್ರಿ. ಮುಂದಿಂದ ಮುಂದ,’ ಎಂದು ಹೊರಟ. ಅಷ್ಟೇ ಸಿಕ್ಕಿದ್ದು.

ಬಸ್ ಸ್ಟ್ಯಾಂಡಿಗೆ ನನ್ನನ್ನು ಬಿಡಲು ಬಂದವನನ್ನು ಕೇಳಿದೆ, ‘ಈ ಕಾಳ ಎಣಿಸೂ ಚಟ ನಿನಗ ಎಂದಿನಿಂದಲೋ?’

‘ಐದನೇತ್ತಿಯಿಂದ್ರಿ.’ ನಕ್ಕ. ‘ನಾ ಕಂಡಿಕಿ ಸುತ್ತಿ ಮುಗಿಸಿದ ಮ್ಯಾಲ ಅವ್ವ ಸಾಲಿಗೆ ಕಳಸತಿದ್ಳು. ಕಡೀ ಸಾಲ ನಮ್ಮದು. ಇವತ್ತರ ಕೇಳ್ತೀರಿ ಅಂತ ದಿನಾ ಎಡಗಿಸೆದಾಗ ಒಂದ ಕಾಳ ಇಟಗೊಂಡ ಬರತಿದ್ದೆ. ಕೇಳಿದ್ರ ಬಲಗಿಸೆಗೆ ಹಾಕೂದಂತ.’

‘ಎಷ್ಟಾದವು?’

‘ಬಸ್ ಬಂತ ನೋಡ್ರಿ ಮಾಮಾ.’

ಜೀವಮಾನದಲ್ಲಿ ಬಸ್ಸು ತಪ್ಪಿಸಿಕೊಂಡವನಲ್ಲ ನಾನು. ಅದನ್ನು ಹೋಗಗೊಟ್ಟೆ.

‘ಏಳೆಂಟ್ಲೆ ಎಷ್ಟು?’

ನರೆತ ತಲೆಯ ಮುಖ್ಯೋಪಾಧ್ಯಾಯ ಒಮ್ಮೆ ನನ್ನ ಮುಖ ನೋಡಿದ. ಆಮೇಲೆ ಆ ಗದ್ದಲದ ನಡುವೆ ನೆಟ್ಟಗೆ ನಿಂತು ಕೈಕಟ್ಟಿಕೊಂಡ. ತುಟಿ ಅಲುಗಿತು. ನಾನು ಅವಸರಪಡಲಿಲ್ಲ. ಹತ್ತು ದಾಟಿತು, ಇಪ್ಪತ್ತೂ ದಾಟಿತು.

‘ಐವತ್ತಾರ್ರಿ, ಸರ್.’

ಅವನ ಎಡಗಿಸೆಗೆ ಕೈಹಾಕಿ ಒಂದು ಕಾಳು ತೆಗೆದು ಬಲಗಿಸೆಗೆ ಹಾಕಿದೆ. ಹನ್ನೆರಡು ಗಂಟೆ ಐದು ನಿಮಿಷ. ಇವತ್ತಿನ ಕೆಲಸ ಅಲ್ಲಿಗೆ ಮುಗಿಯಿತು.