ಕಾಣೆಯಾದ ರಬ್ಬರ್ ಬಳೆ

ಆಯಿಲ್ ಫಿಲ್ಟರ್ ಬದಲಿಸುವಷ್ಟಕ್ಕೆ ಗ್ಯಾರೇಜಿಗೆ ಓಡುವವನು ನಾಳೆ ಮೂಗು ಸೀಟುವುದಕ್ಕೂ ಆಳು ಕರೆದಾನು! ಇದು ರಾಯ್ಟ್‌ಲಿಂಗನ್ ಊರಿನ ಭೂಗೋಳದ ಮೇಷ್ಟ್ರು ಲೂಟ್ಸ್ ಮಹಾಶಯನ ಸಿದ್ಧಾಂತ. ಜರ್ಮನಿಯ ಆ ಶ್ವಾಬಿಯಾ ಸೀಮೆಯೇ ಹಾಗೆ. ಕೈಲಾಗುವ ಕೆಲಸಕ್ಕೆ ಇನ್ನೊಬ್ಬರನ್ನು ಕರೆಯುವುದು ಅಲ್ಲಿ ಪಾಪ. ಕೈಲಾಗದ ಕೆಲಸಕ್ಕೆ ಕರೆಯುವುದು ಅವಮಾನ. ಇವತ್ತು ಫಿಲ್ಟರ್ ಬದಲಿಸಬೇಕಾದ ಬೈಕು ಮಾತ್ರ ಅವನದಲ್ಲ, ಹೆಂಡತಿ ಮಾರ್ಲಿಸ್‌ಳದು. ಹಸಿರು ಬಣ್ಣದ, ಮುನ್ನೂರು ಸಿಸಿಯ ಪುಟ್ಟ ಸ್ಪೋರ್ಟ್ಸ್ ಬೈಕು. ಅದನ್ನು ಹತ್ತಲು ಲೂಟ್ಸ್‌ಗೆ ಪ್ರಾಣಭಯ. ಬಿಚ್ಚಲು ಮಾತ್ರ ಯಾವ ಭಯವೂ ಇಲ್ಲ!

"ನಾನೇ ಮಾಡ್ಕೋತೀನಿ ಬಿಡು," ಎಂದಳು ಮಾರ್ಲಿಸ್, ಶನಿವಾರ ಬೆಳಿಗ್ಗೆ. "ಮಧ್ಯಾಹ್ನ ಆಲ್ಬ್ ಬೆಟ್ಟ ಹತ್ತಬೇಕು, ಗೆಳತೀರು ಕಾಯ್ತಿರ್ತಾರೆ."

"ಗಂಡ ಅನ್ನೋನು ಬದುಕಿರೋವಾಗ ನಿನ್ನ ಕೈಗೆ ಎಣ್ಣೆಯಾ? ಹೋಗಿ ಕಾಫಿ ಕುಡಿ!"

"ಭಯ ಆಗುತ್ತೆ ಕಣೋ."

"ಬೈಕ್ ಬಗ್ಗೇನಾ?"

"ನಿನ್ನ ಬಗ್ಗೆ."

ಅಂಗಳದಲ್ಲಿ ಯಜ್ಞ ಶುರುವಾಯಿತು. ಕೆಳಗೆ ರಟ್ಟು, ರಟ್ಟಿನ ಮೇಲೆ ಪೇಪರು, ಪೇಪರಿನ ಮೇಲೆ ಟಬ್ಬು. ಮೇಲಿನ ಕಿಟಕಿಯಲ್ಲಿ ನೆರೆಮನೆಯ ಫ್ರೌ ರಾಪ್ ಪ್ರತ್ಯಕ್ಷಳಾದಳು. "ಮೇಷ್ಟ್ರೇ, ಈ ವಾರ ಅಂಗಳ ಗುಡಿಸೋ ಸರದಿ ನಂದು! ಒಂದು ತೊಟ್ಟು ಬಿದ್ರೂ ನಾನು ಸುಮ್ಮನಿರೋಳಲ್ಲ!"

ಆ ಒಂದು ತೊಟ್ಟಿನ ಭಯದಲ್ಲೇ ಲೂಟ್ಸ್ ಎಣ್ಣೆಯನ್ನೆಲ್ಲ ತನ್ನ ತೋಳಿನ ಮೇಲೆ ಇಳಿಸಿಕೊಂಡ. ಹಳೆಯ ಫಿಲ್ಟರ್ ಹಟಮಾರಿ. ಅದು ಡಬ್ಬಿಯಂಥದ್ದು, ಬಾಯಿಯ ಸುತ್ತ ಒಂದು ರಬ್ಬರ್ ಬಳೆ. ಎಂಜಿನ್ನಿಗೆ ತಿರುಗಿಸಿ ಕೂರಿಸಿದರೆ ಆ ಬಳೆಯೇ ಎಣ್ಣೆಯನ್ನು ತಡೆಯುವುದು. ಬೆವರಿ, ಬೈದು, ಕೊನೆಗೊಮ್ಮೆ ಅದನ್ನು ಕಿತ್ತ. ಹೊಸದರ ಬಳೆಗೆ ಬೆರಳಿನಿಂದಲೇ ಎಣ್ಣೆ ಸವರಿ, ತಿರುಗಿಸಿ ಕೂರಿಸಿ, ಎಂಜಿನ್ನಿಗೆ ಹೊಸ ಎಣ್ಣೆ ಸುರಿದು ಎದ್ದು ನಿಂತ. ಬೆಟ್ಟ ಕಡಿದು ಬಂದವನ ಗತ್ತು! ಮೈಗೆ ಅಂಟಿದ ಎಣ್ಣೆ ತೊಳೆಯಲು ಸ್ನಾನಕ್ಕೆ ಹೋದವನು ದೊಡ್ಡ ದನಿ ತೆಗೆದು ಹಾಡುತ್ತಾ ಅರ್ಧ ಗಂಟೆ ಕಳೆದ. ಹೊರಬರುವ ಹೊತ್ತಿಗೆ ಮಾರ್ಲಿಸ್ ಹೊರಟಾಗಿತ್ತು.

ಇನ್ನು ಉಳಿದದ್ದು ಅವನ ಪರಮಪ್ರಿಯ ಕಾಯಕ, ಕಸ ಬೇರ್ಪಡಿಸುವುದು. ಹಳೆಯ ಫಿಲ್ಟರನ್ನು ಹಾಗೆಯೇ ವಿಷಕಸದ ಕೇಂದ್ರಕ್ಕೆ ಕೊಟ್ಟರೂ ನಡೆಯುತ್ತದೆ. ಆದರೆ ಕಬ್ಬಿಣವನ್ನೂ ರಬ್ಬರನ್ನೂ ಒಂದೇ ಚೀಲಕ್ಕೆ ಹಾಕಿದರೆ ಲೂಟ್ಸ್‌ಗೆ ರಾತ್ರಿ ನಿದ್ದೆ ಬರುವುದಿಲ್ಲ. ರಬ್ಬರ್ ಬಳೆಯನ್ನು ಎಬ್ಬಲು ಸ್ಕ್ರೂಡ್ರೈವರ್ ಹಿಡಿದು ಕೂತ.

ಬಳೆ ಇಲ್ಲ!

ಟಬ್ಬಿನಲ್ಲಿ ತಡಕಿದ. ಪೇಪರು ಕೊಡವಿದ. ಅಂಗಿಯ ತೋಳು ಮಗುಚಿದ. ಎಲ್ಲೂ ಇಲ್ಲ.

"ಏನು ಹುಡುಕ್ತಿದೀರಿ?" ಎಂದಳು ಫ್ರೌ ರಾಪ್.

"ಹಳೇ ಫಿಲ್ಟರಿನ ರಬ್ಬರ್ ಬಳೆ."

"ಅಯ್ಯೋ, ನಮ್ಮನೆಯವರು ಹೇಳೋರು. ಒಂದೊಂದ್ಸಲ ಅದು ಎಂಜಿನ್ನಿಗೇ ಕಚ್ಕೊಂಡಿರುತ್ತಂತೆ. ಅದು ಗೊತ್ತಾಗ್ದೆ ಮೇಲೆ ಹೊಸದು ಕೂರಿಸಿದ್ರೆ, ಬಳೆ ಮೇಲೆ ಬಳೆ, ಎಣ್ಣೆ ಪಿಚಕಾರಿ! ಹಿಂದಿನ ಚಕ್ರದ ಮೇಲೆ ಬಿದ್ರಂತೂ..."

"ಬಿದ್ರೆ?"

"ಅದನ್ನ ಹೇಳೋ ಅಷ್ಟರಲ್ಲಿ ಪುಣ್ಯಾತ್ಮ ಹೋಗ್ಬಿಟ್ರು."

"ಬೈಕಲ್ಲಾ?!"

"ಇಲ್ಲಪ್ಪ, ಹಾಸಿಗೇಲಿ."

ಲೂಟ್ಸ್ ಸ್ಕ್ರೂಡ್ರೈವರ್ ಎಸೆದು ಒಳಗೆ ಓಡಿದ. ಮಾರ್ಲಿಸ್‌ಗೆ ಫೋನ್ ಮಾಡಿದ, ಬರೀ ರಿಂಗ್. ಬೈಕ್ ಓಡಿಸುವವಳು ಫೋನ್ ಎತ್ತುವುದಾದರೂ ಹೇಗೆ? ಕಣ್ಣ ಮುಂದೆ ಬೆಟ್ಟದ ತಿರುವುಗಳು, ಆ ತಿರುವುಗಳಲ್ಲಿ ಮಾರ್ಲಿಸ್ ಬೈಕನ್ನು ಮೊಣಕಾಲು ನೆಲಕ್ಕೆ ತಾಗುವಷ್ಟು ವಾಲಿಸುವ ಚಂದ, ಎಣ್ಣೆ ಮೆತ್ತಿದ ಚಕ್ರ! ಇದ್ದೊಬ್ಬ ಹೆಂಡತಿಯನ್ನು ಕೈಯಾರೆ ಕೊಂದೆನಲ್ಲ ಎಂದು ಅಳು ಒತ್ತರಿಸಿ ಬಂತು. ಬಾತ್‌ರೂಮ್ ಚಪ್ಪಲಿಯಲ್ಲೇ ಕಾರು ಹತ್ತಿದ.

ಬೆಟ್ಟದ ಬುಡದಲ್ಲಿ ರಸ್ತೆಯ ಮೇಲೆ ಕಪ್ಪು ಹನಿಗಳು ಕಂಡವು. ಒಂದಾದ ಮೇಲೊಂದು, ಮೇಲಕ್ಕೇ ಹೋಗುತ್ತಿವೆ! ಕಾರು ನಿಲ್ಲಿಸಿ, ಇಳಿದು, ಬೆರಳಿಂದ ಮುಟ್ಟಿ, ಮೂಸಿದ. ಎಣ್ಣೆಯಲ್ಲ, ಸಗಣಿಗೊಬ್ಬರದ ನೀರು! ಯಾರದೋ ಟ್ರ್ಯಾಕ್ಟರಿನದು. ಸಗಣಿಯ ವಾಸನೆಗೆ ದೇವರಿಗೆ ಕೃತಜ್ಞತೆ ಹೇಳಿದ ಮೊದಲ ಮೇಷ್ಟ್ರು ಅವನೇ ಇರಬೇಕು.

ಆ ಸಮಾಧಾನ ಹೆಚ್ಚು ಹೊತ್ತು ಬಾಳಲಿಲ್ಲ. ಬೆಟ್ಟದ ತುದಿಯ ಕೆಫೆಯ ಮುಂದೆ ಸಾಲು ಬೈಕುಗಳು, ಅವುಗಳ ಪಕ್ಕದಲ್ಲೇ ಒಂದು ಆಂಬುಲೆನ್ಸ್! ಲೂಟ್ಸ್ ಕಾರಿನಿಂದ ಇಳಿದನೋ ಬಿದ್ದನೋ ಅವನಿಗೇ ತಿಳಿಯದು. ಬಾಗಿಲು ನೂಕಿ ಒಳಗೆ ನುಗ್ಗಿದ. ಆಂಬುಲೆನ್ಸಿನ ಇಬ್ಬರೂ ಕೇಕಿನ ಸಾಲಿನಲ್ಲಿ ನಿಂತಿದ್ದರು. ಕಿಟಕಿಯ ಹತ್ತಿರ ಮಾರ್ಲಿಸ್, ಬಾಯಿ ತುಂಬ ಪ್ಲಮ್ ಕೇಕ್.

"ಬಳೆ... ಬಳೆ ಮೇಲೆ ಬಳೆ... ನಿನ್ನ ಕೊಂದೇಬಿಟ್ಟಿದ್ದೆ, ಮಾರ್ಲಿಸ್!" ಎಂದು ಎಲ್ಲರೆದುರೇ ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟ.

"ಗೊತ್ತು," ಎಂದಳು ಕೇಕ್ ನುಂಗಿ. "ಸ್ಟಾರ್ಟ್ ಮಾಡಿದ ತಕ್ಷಣ ಸುರೀತು. ಹಳೇ ಬಳೆ ಕಿತ್ತು, ಸರಿಯಾಗಿ ಹಾಕಿ, ಎಣ್ಣೆ ತುಂಬಿ, ಒರೆಸಿ ಬಂದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಅಷ್ಟು ಖುಷಿಯಾಗಿ ಹಾಡ್ತಿದ್ದೆ ಪಾಪ. ಅಲ್ದೆ ಇದೇನು ಹೊಸದಾ? ನೀನು ರಿಪೇರಿ ಮಾಡಿದ್ದನ್ನೆಲ್ಲ ಆಮೇಲೆ ನಾನೊಂದ್ಸಲ ಬಿಚ್ಚಿ ನೋಡೇ ನೋಡ್ತೀನಿ. ಮದುವೆ ಆದಾಗಿಂದ."

"ಸಿಂಕಿನ ಪೈಪು?"

"ಹೂಂ."

"ಪುಸ್ತಕದ ಕಪಾಟು?"

"ಎರಡು ಸಲ."

"ಹಜಾರದ ದೀಪ? ಅದು ಇವತ್ತಿಗೂ ಎಷ್ಟು ಚೆನ್ನಾಗಿ ಉರೀತಿದೆ!"

"ಅದಕ್ಕೆ ಎಲೆಕ್ಟ್ರಿಷಿಯನ್‌ನ ಕರೆಸಿದ್ದೆ. ಕದ್ದು."

ಉತ್ತರನ ಪೌರುಷ ಒಲೆಯ ಮುಂದೆ ಎನ್ನುತ್ತಾರೆ. ಲೂಟ್ಸ್‌ನದು ಒಲೆಯ ಮುಂದೆಯೂ ಉಳಿಯಲಿಲ್ಲ. ಆದರೂ ಅವನಿಗೆ ಬೇಸರವಾಗಲಿಲ್ಲ. ಹೆಂಡತಿ ಬದುಕಿದ್ದಾಳಲ್ಲ, ಮರ್ಯಾದೆ ಹಾಳಾಗಿ ಹೋಗಲಿ! ಮೂಗು ಒರೆಸಿಕೊಂಡು ಅವಳ ಕೇಕಿಗೆ ಕೈ ಹಾಕಿದ.

ಮಾರ್ಲಿಸ್ ಕಿಟಕಿಯಾಚೆ ನೋಡುತ್ತಿದ್ದಳು. "ಲೂಟ್ಸ್, ಈಸ್ಟರ್‌ಗೆ ನಾನು ಅಕ್ಕನ ಮನೇಲಿದ್ದೆ. ಕಾರಿಗೆ ಹಿಮಕ್ಕೇಂತ ಹಾಕಿದ್ದ ಚಳಿಗಾಲದ ಚಕ್ರ ಬಿಚ್ಚಿಸಿ ಬೇಸಿಗೆ ಚಕ್ರ ಎಲ್ಲಿ ಹಾಕಿಸ್ದೆ?"

"ಹಾಕಿಸೋದೇನು ಬಂತು! ನಾನೇ ಖುದ್ದಾಗಿ..." ಎಂದು ಎದೆಯುಬ್ಬಿಸಿದವನ ಮಾತು ಅರ್ಧಕ್ಕೇ ನಿಂತಿತು.

ಇಬ್ಬರೂ ಹೊರಗೆ ಬಂದರು. ಮಾರ್ಲಿಸ್ ಕಾರಿನ ಮುಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು, ಒಂದು ಬೋಲ್ಟನ್ನು ಎರಡೇ ಬೆರಳಲ್ಲಿ ಹಿಡಿದಳು. ಅದು ಆರಾಮವಾಗಿ ತಿರುಗಿತು.

"ಎಷ್ಟು ಸ್ಪೀಡಲ್ಲಿ ಬಂದೆ?"

ಲೂಟ್ಸ್ ಚಕ್ರವನ್ನೊಮ್ಮೆ, ಬೆಟ್ಟದ ಇಳಿಜಾರನ್ನೊಮ್ಮೆ ನೋಡಿದ. ಬಾತ್‌ರೂಮ್ ಚಪ್ಪಲಿಯಲ್ಲಿ ನೆಲದ ಮೇಲೇ ಕೂತುಬಿಟ್ಟ. ಸಣ್ಣ ದನಿಯಲ್ಲಿ ಕೇಳಿದ, "ಈಗ ನಾನು ಮನೆಗೆ ಹೋಗೋದು ಹೇಗೆ?"

"ಬಸ್ಸಲ್ಲಿ," ಎಂದಳು ಮಾರ್ಲಿಸ್. "ಅದರ ಚಕ್ರ ನೀನು ಹಾಕಿಲ್ಲ."